ಕಿಂಗ್ ಆಫ್ ಜಾಝ್: ಕತ್ತರಿಸಿದ ಪ್ರತಿ, ಕೂಡಿಸಿದ ಪ್ರತಿ

1930ರಲ್ಲಿ ಯೂನಿವರ್ಸಲ್ ಸಂಸ್ಥೆ ಹೊರತಂದ ‘ಕಿಂಗ್ ಆಫ್ ಜಾಝ್’ ಚಿತ್ರದ ಮಾತು ಶಿರಸಿಯ ಗೆಳೆಯರ ನಡುವೆ ಬಂದಾಗ, ಕಥೆಯೇ ಇಲ್ಲದೆ ಹಾಡು, ಕುಣಿತ, ಹಾಸ್ಯದ ತುಣುಕುಗಳಿಂದಲೇ ಕಟ್ಟಿದ ಅದಕ್ಕೆ 1933ರ 65 ನಿಮಿಷಗಳ ಮರುಬಿಡುಗಡೆಯ ಪ್ರತಿಯೇ ಸಾಕಲ್ಲವೇ ಎಂದು ಒಬ್ಬರು ಕೇಳಿದರು. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಪ್ರತಿಯ ಕೇಂದ್ರ ವಾದ್ಯವೃಂದದ ನಾಯಕ ಪಾಲ್ ವೈಟ್‌ಮನ್. ಬಿಂಗ್ ಕ್ರಾಸ್ಬಿ ಆಗ ಮೂವರು ಗಾಯಕರ ತಂಡದಲ್ಲೊಬ್ಬರು, ಅಷ್ಟೇ. ಮೂರು ವರ್ಷಗಳಲ್ಲಿ ಕ್ರಾಸ್ಬಿ ದೊಡ್ಡ ತಾರೆಯಾದರು, ಸಂಗೀತ ಚಿತ್ರಗಳಿಗೆ ಮತ್ತೆ ಬೇಡಿಕೆ ಬಂತು. ಸಂಸ್ಥೆ ಅವರ ಹೆಸರನ್ನು ಮುಂದಿಟ್ಟು, ಚಿತ್ರವನ್ನು ಮೊಟಕುಗೊಳಿಸಿ ಮತ್ತೆ ತೆರೆಗೆ ತಂದಿತು.

ನಮ್ಮಲ್ಲಿ ಇಡೀ ರಾತ್ರಿಯ ಯಕ್ಷಗಾನವನ್ನು ಕಾಲಮಿತಿಗೆ ಇಳಿಸುವಾಗ ಭಾಗವತರು ಎಷ್ಟೋ ಪದ್ಯಗಳನ್ನು ಬಿಡುತ್ತಾರೆ. ಆದರೆ ಪ್ರಸಂಗದ ಪುಸ್ತಕ ಪೂರ್ತಿಯಾಗಿಯೇ ಇರುತ್ತದೆ. ಬೇಕೆನಿಸಿದರೆ ಮತ್ತೊಮ್ಮೆ ಬೆಳಗಿನವರೆಗೆ ಆಡಿಸಬಹುದು. ಇಲ್ಲಿ ಕತ್ತರಿ ಬಿದ್ದದ್ದು, ಕ್ಯಾಮೆರಾದಲ್ಲಿ ಚಿತ್ರೀಕರಿಸಿದ, ಪ್ರತಿಗಳನ್ನೆಲ್ಲ ತೆಗೆಯುವ ಮೂಲ ನೆಗೆಟಿವ್‌ಗೇ. 2016ರಲ್ಲಿ ಚಿತ್ರವನ್ನು ಪುನರುಜ್ಜೀವನಗೊಳಿಸಿದವರು ಆ ಮೊಟಕು ನೆಗೆಟಿವ್‌ನ ಜೊತೆಗೆ ಚಿತ್ರಮಂದಿರಕ್ಕೆಂದು ನೈಟ್ರೇಟ್ ಫಿಲ್ಮಿನ ಮೇಲೆ ತೆಗೆದಿದ್ದ ಹಳೆಯ ಪ್ರಿಂಟ್‌ನಿಂದ ಬಿಟ್ಟುಹೋದ ಭಾಗಗಳನ್ನು ಕೂಡಿಸಬೇಕಾಯಿತು. ಪ್ರಿಂಟಿನ ಬಿಂಬಕ್ಕೆ ನೆಗೆಟಿವ್‌ನ ನವಿರು ಬರುವುದಿಲ್ಲವಾದ್ದರಿಂದ, 1933ರಲ್ಲಿ ಉಳಿಸಿಕೊಂಡ ದೃಶ್ಯಗಳಿಗೇ ಇಂದು ಹೆಚ್ಚಿನ ಸ್ಪಷ್ಟತೆ ಸಿಕ್ಕಿದೆ. ಮೊಟಕು ಪ್ರತಿಯನ್ನು ನಾನು ತಾತ್ಸಾರ ಮಾಡದಿರುವುದು ಈ ಕಾರಣಕ್ಕೆ.

ಹೆಸರಲ್ಲೇ ನೀಲಿ ಇರುವ ‘ರಾಪ್ಸಡಿ ಇನ್ ಬ್ಲೂ’ ಸಂಗೀತಕೃತಿಯ ದೃಶ್ಯವನ್ನು ಮಾತ್ರ ಪುನರುಜ್ಜೀವನಗೊಂಡ ಪ್ರತಿಯಲ್ಲೇ ನೋಡಬೇಕು. ಭಾರೀ ಪಿಯಾನೋ ಒಂದರ ಮುಚ್ಚಳ ಮೇಲೇಳುತ್ತಿದ್ದಂತೆ ಒಳಗೆ ವೈಟ್‌ಮನ್ ಅವರ ವಾದ್ಯವೃಂದವೇ ಕುಳಿತಿರುತ್ತದೆ! ಬಣ್ಣದ ಚಿತ್ರ ತೆಗೆಯುವ ಅಂದಿನ ವಿಧಾನವಾದ ಎರಡು ಬಣ್ಣದ ಟೆಕ್ನಿಕಲರ್‌ನಲ್ಲಿ ಇದ್ದದ್ದು ಕೆಂಪು ಮತ್ತು ಹಸಿರಿನ ಛಾಯೆಗಳು ಮಾತ್ರ. ನಿಜವಾದ ನೀಲಿ ಮೂಡಿಸಲು ಬರುತ್ತಿರಲಿಲ್ಲ. ಹಾಗಾಗಿ ಕಲಾ ನಿರ್ದೇಶಕ ಹರ್ಮನ್ ರೋಸ್ ಮತ್ತು ನಿರ್ದೇಶಕ ಜಾನ್ ಮರ್ರೆ ಆಂಡರ್ಸನ್ ಬೂದು, ಬೆಳ್ಳಿ ಬಣ್ಣಗಳ ಹಿನ್ನೆಲೆಯನ್ನು ಆರಿಸಿಕೊಂಡು, ನವಿಲುಗರಿಯ ಹಸಿರುನೀಲಿಯನ್ನೇ ನೀಲಿಯೆಂದು ಕಣ್ಣು ಒಪ್ಪುವಂತೆ ಮಾಡಿದರು. ರೋಸ್ ಅವರಿಗೆ ಈ ಚಿತ್ರಕ್ಕಾಗಿ ಆಸ್ಕರ್ ಬಂದದ್ದು ನ್ಯಾಯವೇ.

ಮರುಬಿಡುಗಡೆಯಲ್ಲಿ ಕೈಬಿಟ್ಟ ಹಾಸ್ಯದ ತುಣುಕುಗಳಲ್ಲಿ ಕೆಲವು ಇಂದು ಸಪ್ಪೆಯೆನಿಸುತ್ತವೆ, ಒಪ್ಪುತ್ತೇನೆ. ಆದರೂ ಅವು ಅಲ್ಲಿರಬೇಕು. ಒಂದರ ಹಿಂದೊಂದು ವೈಭವದ ದೃಶ್ಯಗಳೇ ಬಂದರೆ ಕಣ್ಣು ದಣಿಯುತ್ತದೆ, ಮುಂದಿನ ದೃಶ್ಯದ ಬೆರಗು ತಗ್ಗುತ್ತದೆ. ಆ ಬಿಡುವನ್ನು ಆಂಡರ್ಸನ್ ರಂಗಭೂಮಿಯ ಅನುಭವದಿಂದ ಬೇಕೆಂದೇ ಇಟ್ಟಿದ್ದರೆಂಬುದು ನನ್ನ ನಂಬಿಕೆ.

ಬೇರೆ ಭಾಷೆಗಳ ಪ್ರತಿಗಳಿಗೆ ಹಾಡು, ಕುಣಿತ ಅವೇ ಇದ್ದರೂ ನಿರೂಪಕರು ಬೇರೆಯಾಗಿದ್ದರು. ಹಂಗೇರಿಯನ್ ಪ್ರತಿಯಲ್ಲಿ ಆ ಕೆಲಸ ಮಾಡಿದವರು ಮರುವರ್ಷ ಡ್ರಾಕುಲಾ ಪಾತ್ರದಿಂದ ಜಗತ್ತಿಗೆಲ್ಲ ಪರಿಚಿತರಾದ ಬೆಲಾ ಲುಗೋಸಿ. ಎಲ್ಲ ಆವೃತ್ತಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ನನಗೆ ಅವಕಾಶ ಸಿಕ್ಕರೆ, ಮೊದಲು ಕೇಳುವುದು ಅದನ್ನೇ.