ಕಾದಂಬರಿಕಾರ ಚೀನೀ ಅರಮನೆಯ ಚರಿತ್ರೆಗೆ ಮಾಯೆ ಬೆರೆಸಬಹುದೇ?

ಪರ

ಶಿಯಾನ್ ನಗರದ ಬಳಿ, ಚಿಯೆನ್‌ಲಿಂಗ್ ಸಮಾಧಿಯೆದುರು, ಏಳು ಮೀಟರಿಗೂ ಎತ್ತರದ ಶಿಲೆಯೊಂದು ನಿಂತಿದೆ. 690ರಿಂದ 705ರವರೆಗೆ ಸಾಮ್ರಾಟನ ಬಿರುದನ್ನೇ ಧರಿಸಿ ಆಳಿದ ವು ಝೆಟಿಯನ್‌ಳ ಈ ಸ್ಮಾರಕದಲ್ಲಿ, ನೆಟ್ಟಾಗ, ಒಂದಕ್ಷರವೂ ಇರಲಿಲ್ಲ. ಈಗ ಕಾಣುವ ಬರಹವೆಲ್ಲ ಎಷ್ಟೋ ಕಾಲದ ಮೇಲೆ ಬಂದುಹೋದವರು ಕೊರೆದದ್ದು. ಆಕೆಯ ಚರಿತ್ರೆಯ ಪಾಡೂ ಹೆಚ್ಚುಕಡಿಮೆ ಅದೇ. ತನ್ನ ಹಸುಗೂಸನ್ನು ತಾನೇ ಉಸಿರುಗಟ್ಟಿಸಿ ಕೊಂದು, ತಪ್ಪನ್ನು ಪಟ್ಟದರಸಿ ವಾಂಗ್‌ಳ ತಲೆಗೆ ಕಟ್ಟಿದಳೆಂದು ಹೇಳುವ, ಆಸ್ಥಾನದ ಪಂಡಿತರು ಬರೆದ ‘ಹೊಸ ಟಾಂಗ್ ಇತಿಹಾಸ’ ಮುಗಿದದ್ದು 1060ರಲ್ಲಿ, ಎಂದರೆ ಆಕೆ ತೀರಿಕೊಂಡು ಸುಮಾರು 350 ವರ್ಷಗಳಾದ ಮೇಲೆ. ಅಂತಃಪುರದೊಳಗೆ ನಡೆದದ್ದನ್ನು ಆ ಪಂಡಿತರು ಕಣ್ಣಾರೆ ಕಂಡವರಂತೆ ಬರೆದಿದ್ದಾರೆ. ಅವರಿಗಿಂತ ಬಹಳ ಹಿಂದಿನ ಇತಿಹಾಸಕಾರ ಸಿಮಾ ಚಿಯೆನ್ ಕೂಡ, ಹಾನ್ ವಂಶದ ಮೂಲಪುರುಷ ಲಿಯು ಬಾಂಗ್‌ನ ತಾಯಿ ನೀರದಂಡೆಯಲ್ಲಿ ಮಲಗಿದ್ದಾಗ ಆಕೆಯ ಮೇಲೆ ಡ್ರ್ಯಾಗನ್ ಕಾಣಿಸಿತೆಂದು ದಾಖಲಿಸಿದ್ದಾನೆ. ಆಸ್ಥಾನದ ಇತಿಹಾಸವೇ ಇಷ್ಟು ಸಲುಗೆ ತೆಗೆದುಕೊಂಡಿರುವಾಗ, ಮಾಯೆಯನ್ನು ಮಾಯೆಯೆಂದೇ ಒಪ್ಪಿಕೊಂಡು ಬರೆಯುವ ಕಾದಂಬರಿಕಾರನನ್ನು ಮಾತ್ರ ಕಟಕಟೆಗೆ ತರುವುದು ನ್ಯಾಯವಲ್ಲ.

ವಿರೋಧ

ಒಪ್ಪಿಕೊಂಡು ಬರೆದರೂ ಓದುಗನ ಮನಸ್ಸಿನಲ್ಲಿ ಉಳಿಯುವುದು ಮಾಯೆಯೇ. ಶಾಂಗ್ ವಂಶವು ಕ್ರಿ.ಪೂ. 1046ರ ಸುಮಾರಿಗೆ ಝೌ ಸೇನೆಗೆ ಸೋತು ಅಳಿಯಿತು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ ಬಂದ ಮಿಂಗ್ ಕಾಲದ ಕಾದಂಬರಿಯೊಂದು ಆ ವಂಶದ ಕೊನೆಯ ಅರಸನ ಪ್ರಿಯೆ ಡಾಜಿಯ ಮೈಯೊಳಗೆ ಸಾವಿರ ವರ್ಷದ ನರಿಯ ಆತ್ಮವನ್ನು ಹೊಗಿಸಿ, ಒಂದು ರಾಜ್ಯದ ಪತನವನ್ನು ಒಬ್ಬ ಹೆಣ್ಣಿನ ಪಾಲಿಗೆ ಬರೆದಿಟ್ಟಿತು. ಡಾಜಿಯೆಂದರೆ ಇಂದಿಗೂ ನೆನಪಾಗುವುದು ನರಿಯೇ, ಮನುಷ್ಯಳಲ್ಲ.

ಅದೇ ವಂಶದ ಇನ್ನೊಬ್ಬ ಹೆಣ್ಣು, ದೊರೆ ವು ಡಿಂಗ್‌ನ ಮಡದಿ ಫು ಹಾವೊ, ಯಾವ ಮಾಯೆಯ ನೆರವನ್ನೂ ಬೇಡುವವಳಲ್ಲ. ಕಳ್ಳರ ಕೈ ಸೋಕದ ಆಕೆಯ ಸಮಾಧಿಯನ್ನು 1976ರಲ್ಲಿ ಅನ್ಯಾಂಗ್‌ನಲ್ಲಿ ತೆರೆದಾಗ ನೂರಕ್ಕೂ ಮಿಕ್ಕಿ ಆಯುಧಗಳೂ ಸಾವಿರಾರು ಕವಡೆಗಳೂ ದೊರೆತವು. ಅರಸರು ದೈವಕ್ಕೆ ಪ್ರಶ್ನೆಯಿಟ್ಟು ಉತ್ತರವನ್ನು ಕೊರೆಸುತ್ತಿದ್ದ ಮೂಳೆ, ಆಮೆಚಿಪ್ಪುಗಳಲ್ಲಿ ಆಕೆಯ 13,000 ಮಂದಿಯ ದಂಡಿನ ಮಾತೂ ಇದೆ, ಹೆರಿಗೆಯ ಮಾತೂ ಇದೆ. ಯಾವ ದಿನ ಹೆತ್ತರೆ ಶುಭವೆಂದು ದೊರೆ ಕೇಳಿಸಿದ್ದಾನೆ. 31 ದಿನಗಳ ಬಳಿಕ ಅದೇ ಚಿಪ್ಪಿನಲ್ಲಿ ಫಲವನ್ನೂ ಕೊರೆದಿದ್ದಾರೆ: ಹೆರಿಗೆಯಾಯಿತು, ಶುಭವಾಗಲಿಲ್ಲ, ಹೆಣ್ಣು.