ಬೀಗರ ಆಲೆಮನೆ, ಅಳಿಯನ ನೆಲಮಾಳಿಗೆ

ಮೈಸೂರಿನ ಚಾಮುಂಡಿಪುರಂನಲ್ಲಿರುವ ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ ತಾತನ ಕಾಲದ ತಾಮ್ರದ ಹಂಡೆಯೊಂದು ಇಂದಿಗೂ ಒಲೆಯ ಮೇಲೆ ಕುಳಿತಿದೆ. ತಾರಸಿಯ ಮೇಲೆ ಸೋಲಾರ್ ಬಂದಂದಿನಿಂದ ಅದಕ್ಕೆ ವರ್ಷದಲ್ಲಿ ಒಂದೇ ದಿನದ ಕೆಲಸ. ನೀರು ತುಂಬುವ ಹಬ್ಬದ ಸಂಜೆ ಹುಣಸೆಹಣ್ಣು ಹಾಕಿ ಅದನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಮರುದಿನ ನಸುಕಿನಲ್ಲಿ ಅಭ್ಯಂಜನಕ್ಕೆ ಅದರಲ್ಲೇ ನೀರು ಕಾಯಿಸುತ್ತೇವೆ. ಆ ಒಲೆಗೆ ಉರಿ ಹಾಕುವುದು ಮನೆಯಲ್ಲಿ ನನಗೆ ಬಿಟ್ಟುಕೊಟ್ಟಿರುವ ಏಕೈಕ ಖಾತೆ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದ ನನ್ನನ್ನು ಬೇರೆ ಯಾವ ವಿಷಯದಲ್ಲೂ ಯಾರೂ ಅಭಿಪ್ರಾಯ ಕೇಳುವುದಿಲ್ಲವಾದ್ದರಿಂದ, ಒಲೆಯ ಮಾತು ಬಂದರೆ ನಾನು ಸ್ವಲ್ಪ ಉದ್ದವಾಗಿಯೇ ಮಾತನಾಡುತ್ತೇನೆ. ಅಮೆರಿಕದ ಒಲೆಯೊಂದರ ವ್ಯವಹಾರ ನನ್ನ ಕೊರಳಿಗೆ ಬಿದ್ದದ್ದು ಹೀಗೆ.

ಮಗಳು ಅಳಿಯ ಇರುವುದು ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ. ಪುಷ್ಯ ಮಾಸದ ಬೆಳಗಿನ ಜಾವ 15 ಡಿಗ್ರಿಗೆ ಇಳಿದರೆ ಮಂಕಿ ಟೋಪಿ ಹಾಕಿಕೊಂಡು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡುಗುತ್ತ ನಡೆಯುವ ನಮಗೆ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಅಲ್ಲಿನ ಚಳಿ ಊಹೆಗೆ ನಿಲುಕುವಂಥದ್ದಲ್ಲ. ಕಳೆದ ವರ್ಷ ಅವರು ಕೊಂಡ ಮನೆಯನ್ನು ಎಣ್ಣೆ ಉರಿಸಿ ಬೆಚ್ಚಗಿಡುವ ಏರ್ಪಾಡಿತ್ತು. ಎಣ್ಣೆಗಿಂತ ಎಣ್ಣೆಯ ಬಿಲ್ಲಿನಿಂದಲೇ ಹೆಚ್ಚು ಬೆವರಿದ ಅಳಿಯ, ನೆಲಮಾಳಿಗೆಯಲ್ಲಿ ಕ್ಯಾಟಲಿಟಿಕ್ ಸೌದೆ ಒಲೆ ಹಾಕಿಸುವುದೆಂದು ನಿಶ್ಚಯಿಸಿಕೊಂಡು, ಮಗಳ ಒಪ್ಪಿಗೆ ಸಿಗದೆ, ನನ್ನನ್ನು ಮಧ್ಯಸ್ಥಿಕೆಗೆ ಎಳೆದ. "ಮಾವ, ಒಲೆ ವಿಷಯದಲ್ಲಿ ನಿಮಗಿರೋ ಅನುಭವ ಯಾರಿಗಿದೆ?" ಎಂದು ಅವನು ವಿಡಿಯೊದಲ್ಲಿ ಕೇಳಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅಡುಗೆಮನೆಯಿಂದ ನನ್ನ ಮನೆಯಾಕೆಯ ದನಿ ಕೇಳಿಸಿತು: "ಹಾಲು ಉಕ್ಕೋವಾಗ ಗ್ಯಾಸ್ ಆರಿಸೋಕೆ ಬರದವರನ್ನ ಹೋಗಿಹೋಗಿ ಕೇಳ್ತಿದ್ದಾರಲ್ಲ!"

ಕ್ಯಾಟಲಿಸ್ಟ್ ಎಂದರೆ ವೇಗವರ್ಧಕ ಎಂಬುದು ಹೈಸ್ಕೂಲಿನ ಪಾಠದಿಂದ ನೆನಪಿತ್ತು. ಆ ಒಂದು ಪದದ ಬಲದ ಮೇಲೆ ನಾನು ತೀರ್ಪನ್ನೂ ಕೊಟ್ಟೆ. ಸೌದೆ ವೇಗವಾಗಿ ಉರಿದುಹೋಗುವ ಒಲೆ ಯಾರಿಗೆ ಬೇಕು, ರಾತ್ರಿಯಿಡೀ ಎದ್ದು ತುಂಬುವವರು ಯಾರು ಎಂದು ಕೇಳಿದೆ. ಅಳಿಯ ವಿನಯದಿಂದ ಕೆಮ್ಮಿ, ಸಂಗತಿ ತದ್ವಿರುದ್ಧವೆಂದು ವಿವರಿಸಿದ. ವೇಗ ಹೆಚ್ಚುವುದು ಸೌದೆ ಉರಿಯುವುದಕ್ಕಲ್ಲ, ಹೊಗೆ ಉರಿಯುವುದಕ್ಕೆ. ಸಾಮಾನ್ಯವಾಗಿ ಹೊಗೆ ತಾನೇ ಹೊತ್ತಿಕೊಳ್ಳಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಒಲೆಯ ಮೇಲ್ಭಾಗದಲ್ಲಿ ಜೇನಿನ ಎರಿಯಂತೆ ಸಣ್ಣ ಸಣ್ಣ ಕಿಂಡಿಗಳಿರುವ ಸೆರಾಮಿಕ್ ಹಲ್ಲೆಯೊಂದನ್ನಿಟ್ಟು, ಅದಕ್ಕೆ ಪೆಲ್ಲಾಡಿಯಂ, ಪ್ಲಾಟಿನಂನಂತಹ ಲೋಹದ ತೆಳು ಲೇಪ ಕೊಟ್ಟಿರುತ್ತಾರೆ. ಅದರ ಮೂಲಕ ಹಾದುಹೋಗುವ ಹೊಗೆ 260 ಡಿಗ್ರಿಯ ಆಸುಪಾಸಿನಲ್ಲೇ ಹೊತ್ತಿಕೊಂಡು, ಕೊಳವೆಯ ದಾರಿ ಹಿಡಿಯಬೇಕಿದ್ದ ಶಾಖವನ್ನು ಮನೆಗೇ ಕೊಡುತ್ತದೆ. ಆದ್ದರಿಂದ ಗಾಳಿ ತಗ್ಗಿಸಿ, ಸೌದೆಯನ್ನು ಇಡೀ ರಾತ್ರಿ ಮಂದವಾಗಿ ಉರಿಸಿದರೂ ಹೊಗೆ ದಂಡವಾಗುವುದಿಲ್ಲ. ಅವನು ಹೇಳಿದ್ದು ಫ್ಯಾರನ್‌ಹೀಟ್‌ನಲ್ಲಿ 500 ಎಂದು. ನಾನು ಅದನ್ನು ಸೆಲ್ಸಿಯಸ್ ಎಂದೇ ಬರೆದುಕೊಂಡು ಎರಡು ದಿನ ಗಾಬರಿಯಲ್ಲಿದ್ದೆ.

ಅಲ್ಲಿನ ಸರ್ಕಾರವೂ ಹೊಗೆಯ ಮೇಲೆ ಕಣ್ಣಿಟ್ಟಿದೆ. 1988ರಲ್ಲಿ ಮೊದಲ ಮಿತಿ ಬಂತು. 2020ರ ಮೇ ತಿಂಗಳಿನಿಂದ ಮಾರಾಟವಾಗುವ ಹೊಸ ಒಲೆ ಗಂಟೆಗೆ 2 ಗ್ರಾಂಗಿಂತ, ಸೀಳಿದ ಸೌದೆಯನ್ನೇ ಹಾಕಿ ಪರೀಕ್ಷಿಸಿದ್ದಾದರೆ 2.5 ಗ್ರಾಂಗಿಂತ, ಹೆಚ್ಚು ಹೊಗೆಯ ಕಣಗಳನ್ನು ಉಗುಳುವಂತಿಲ್ಲ. ಊದುಬತ್ತಿಯ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಇದನ್ನು ಕೇಳಿ ಕೊಂಚ ಅವಮಾನವೇ ಆಯಿತು.

ಜೇನಿನ ಎರಿಯ ಮಾತನ್ನು ನಮ್ಮ ಬೀದಿಯ ಕಾರು ಮೆಕ್ಯಾನಿಕ್ಕಿಗೆ ಹೇಳಿದಾಗ ಅವನಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. "ನಿಮ್ಮ ಕಾರಿನ ಸೈಲೆನ್ಸರ್ ಪೈಪಲ್ಲೂ ಅದೇ ಇರೋದು ಸಾರ್," ಎಂದ. ನಮ್ಮ ಮಹಾನಗರಗಳಲ್ಲಿ 1995ರಲ್ಲೂ ದೇಶವಿಡೀ 2000ದಲ್ಲೂ ಸೀಸವಿಲ್ಲದ ಪೆಟ್ರೋಲು ಬಂದದ್ದಕ್ಕೆ ಆ ಎರಿಯೂ ಒಂದು ಕಾರಣ. ಸೀಸ ತಾಗಿದರೆ ಅದು ಸತ್ತುಹೋಗುತ್ತದೆ. ಸೌದೆ ಒಲೆಯದಕ್ಕೂ ಇದೇ ಪಥ್ಯ. ಬಣ್ಣ ಬಳಿದ ಮರ, ಪ್ಲಾಸ್ಟಿಕ್, ಹೊಳೆಯುವ ಬಣ್ಣದ ಕಾಗದ ಇವನ್ನೆಲ್ಲ ಹಾಕುವಂತಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ವರ್ಷವಿಡೀ ಕೂಡಿಟ್ಟು ಹಂಡೆಯ ಒಲೆಯಲ್ಲೇ ವಿಲೇವಾರಿ ಮಾಡುವ ನನ್ನಂಥವನನ್ನು ಆ ಒಲೆಯ ಹತ್ತಿರ ಬಿಡಬಾರದೆಂದು ಮಗಳು ಅಂದೇ ತೀರ್ಮಾನಿಸಿದಳು. ಪಥ್ಯ ಮಾಡಿದರೂ ಆ ಎರಿ ಶಾಶ್ವತವೇನಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸದು ಹಾಕಿಸಬೇಕು, ಅದಕ್ಕೆ ಬೇರೆ ಖರ್ಚು. ಎರಿಯಿಲ್ಲದ ಒಲೆಯಲ್ಲಿ ಜ್ವಾಲೆ ಚೆನ್ನಾಗಿ ಕಾಣುತ್ತದೆ, ರಗಳೆಯೂ ಕಡಿಮೆ, ಆದರೆ ಅದನ್ನು ಮಂದ ಉರಿಯಲ್ಲಿಟ್ಟರೆ ಹೊಗೆ ಜಾಸ್ತಿ. ಗಾಜಿನ ಬಾಗಿಲಿನ ಹಿಂದೆ ಕೆಂಡ ಮಾತ್ರ ಮಿನುಗುವ ಒಲೆಗೆ ಇಷ್ಟು ದುಡ್ಡೇ ಎಂಬುದು ಮಗಳ ವಾದವಾಗಿತ್ತು.

ಎರಡೂ ಬಗೆಗೆ ಬೇಕಾದದ್ದು ಒಣ ಸೌದೆ, ಅಂದರೆ ತೇವಾಂಶ ನೂರಕ್ಕೆ 20ರೊಳಗೆ ಇರುವಂಥದ್ದು. ಅದನ್ನು ಅಳೆಯಲು ಎರಡು ಮುಳ್ಳಿನ ಪುಟ್ಟ ಮೀಟರೊಂದು ಸಿಗುತ್ತದೆ ಎಂದು ತಿಳಿದ ದಿನವೇ ನಾನು ಒಂದನ್ನು ತರಿಸಿಕೊಂಡೆ. ನಂತರದ ಒಂದು ವಾರ ನಮ್ಮ ಮನೆಯಲ್ಲಿ ಚುಚ್ಚಿಸಿಕೊಳ್ಳದ ವಸ್ತುವಿರಲಿಲ್ಲ. ತಲೆಬಾಗಿಲ ಚೌಕಟ್ಟು, ಮಣೆ, ಕೊಬ್ಬರಿ ಗಿಟುಕು ಎಲ್ಲಕ್ಕೂ ಒಂದೊಂದು ಅಂಕ ಬಿತ್ತು. ಈರನಗೆರೆ ಬದನೆಕಾಯಿಗೆ ಚುಚ್ಚಿದಾಗ ಮೀಟರು ಸೋತು ಗೆರೆ ತೋರಿಸಿತು. ಆ ಬದನೆಯನ್ನು ಎಣ್ಣೆಗಾಯಿಗೆ ಹಾಕಲು ಮನೆಯಾಕೆ ಒಪ್ಪಲಿಲ್ಲ. ಹಬ್ಬಕ್ಕೆಂದು ಡಿಪೋದಿಂದ ತಂದ ಸರ್ವೆ ಸೌದೆಗೆ ಚುಚ್ಚಿದರೆ 14 ಬಂತು. ನಾನು ಆ ಚಿತ್ರವನ್ನು ವರ್ಮಾಂಟಿಗೆ ಕಳಿಸಿ, ಇದು ಮೈಸೂರಿನ ಗುಣಮಟ್ಟ ಎಂದು ಬರೆದೆ.

ಆ ನರಕ ಚತುರ್ದಶಿಯ ನಸುಕಿನಲ್ಲಿ ನನ್ನ ತಲೆಗೆ ಇನ್ನೊಂದು ವಿಚಾರ ಹೊಕ್ಕಿತ್ತು. ಕ್ಯಾಟಲಿಟಿಕ್ ಒಲೆಯಲ್ಲಿ ಬೈಪಾಸ್ ಎಂಬ ಮುಚ್ಚಳವಿರುತ್ತದೆ. ಹೊತ್ತಿಸುವಾಗ ಅದನ್ನು ತೆರೆದಿಟ್ಟರೆ ಹೊಗೆ ನೇರ ಕೊಳವೆಗೆ ಹೋಗುತ್ತದೆ. ಒಲೆ ಚೆನ್ನಾಗಿ ಕಾದು ಥರ್ಮಾಮೀಟರಿನ ಮುಳ್ಳು ನಿಗದಿತ ಗೆರೆ ಮುಟ್ಟಿದ ಮೇಲೆ ಮುಚ್ಚಬೇಕು, ಆಗ ಹೊಗೆ ಎರಿಯ ಮೂಲಕ ಹಾಯುತ್ತದೆ. ಇದರ ಮರ್ಮವನ್ನು ಕಣ್ಣಾರೆ ಕಾಣಬೇಕೆಂದು ನಮ್ಮ ಬಚ್ಚಲಿನ ಹೊಗೆಗೂಡಿನಲ್ಲಿ ಮಸಿ ತೆಗೆಯಲು ಬಿಟ್ಟಿರುವ ಕಿಂಡಿಯೊಳಗೆ ಅಡುಗೆಮನೆಯ ಹಳೆಯ ಕಾವಲಿಯನ್ನು ಅಡ್ಡಲಾಗಿ ತೂರಿಸಿಟ್ಟೆ. ಅರ್ಧ ಮುಚ್ಚಬೇಕೆಂದೇ ನನ್ನ ಉದ್ದೇಶ. ಕಾವಲಿ ಮಾತ್ರ ನುಣ್ಣಗೆ ಜಾರಿ ಪೂರಾ ಮುಚ್ಚಿಕೊಂಡಿತು.

ಒಳಗೆ ನನ್ನ ಭಾವಮೈದುನ ಮೈತುಂಬ ಹರಳೆಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕುಳಿತಿದ್ದ. ವರ್ಷವಿಡೀ ತಣ್ಣಗಿದ್ದ ಹೊಗೆಗೂಡು, ಮೇಲೆ ಕಾವಲಿ, ಕೆಳಗೆ ಹೊಸದಾಗಿ ತುರುಕಿದ ಸೌದೆ. ಹೊಗೆಗೆ ಉಳಿದ ದಾರಿಯೆಂದರೆ ಅವನೊಬ್ಬನೇ. "ಭಾವಾ!" ಎಂಬ ಕೂಗು ಮೊದಲು ಬಂತು, ಆಮೇಲೆ ಕೆಮ್ಮು, ಆಮೇಲೆ ಒಂದು ಪಂಚೆಯನ್ನು ಹೇಗೋ ಹಿಡಿದುಕೊಂಡು ಅವನೇ ಹಿತ್ತಲಿಗೆ ಬಂದ. ಪಟಾಕಿಯ ಕಿಡಿಯಿಂದ ಬೆಂಕಿ ಬಿದ್ದಿದೆಯೆಂದು ಬಗೆದ ಪಕ್ಕದ ಮನೆಯ ಹಿರಿಯರು ಕಾಂಪೌಂಡಿನ ಆಚೆಯಿಂದ ಒಂದು ಬಕೆಟ್ ತಣ್ಣೀರನ್ನು ಹೊಗೆಯತ್ತ ಎರಚಿದರು. ಅದು ಹೊಗೆಗೆ ಬೀಳಲಿಲ್ಲ. ಎಣ್ಣೆಯ ಮೈಮೇಲೆ ನೀರು ಮಣಿಮಣಿಯಾಗಿ ಉರುಳುವುದನ್ನು ಅಷ್ಟು ಹತ್ತಿರದಿಂದ ನಾನು ಹಿಂದೆ ನೋಡಿರಲಿಲ್ಲ. ನರಕಾಸುರನೂ ಆ ದಿನ ಅಷ್ಟು ನೊಂದಿರಲಾರ.

ಬಲಿಪಾಡ್ಯಮಿಯ ದಿನ ಬೀಗರು ಬಂದರು. ಅಳಿಯನ ತಂದೆಯಾದ ಅವರದು ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯ ಹಳ್ಳಿ. ಮನೆತನದ ಆಲೆಮನೆಯಿದೆ, ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ನೂಕುತ್ತಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಬೀಗರಿಂದ ಈ ವೃತ್ತಾಂತವನ್ನು ಮುಚ್ಚಿಡಬೇಕೆಂದು ನಾನು ಮನೆಯವರಿಗೆಲ್ಲ ಹೇಳಿಕೊಟ್ಟಿದ್ದೆ. ಅವರು ಕಾಲು ತೊಳೆಯಲು ಬಚ್ಚಲಿಗೆ ಹೋದವರು ಕಪ್ಪಾದ ಗೋಡೆ ನೋಡಿಕೊಂಡೇ ಬಂದರು. "ಸೌದೆ ಸೀಳಿ ನೋಡಿದ್ರಾ ಬೀಗ್ರೇ?" ಎಂದು ಕೇಳಿದರು. ಸೀಳಿ, ಒಳಮೈಗೆ ಮೀಟರು ಚುಚ್ಚಿದರೆ 31. ನಾನು ಅಳೆದದ್ದು ಬಿಸಿಲಿಗೆ ಒಣಗಿದ ಹೊರಮೈಯನ್ನು ಮಾತ್ರ. ನಮ್ಮಲ್ಲಿ ಸೌದೆಯನ್ನು ತೂಕಕ್ಕೆ ಮಾರುತ್ತಾರಾದ್ದರಿಂದ ನೀರಿಗೂ ಸೌದೆಯ ಬೆಲೆಯನ್ನೇ ಕೊಟ್ಟಿದ್ದೆ ಎಂಬುದು ಆಗ ಹೊಳೆಯಿತು. ವರ್ಮಾಂಟಿನಲ್ಲಿ ಕಾರ್ಡ್ ಎಂಬ ಅಳತೆ; ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಒಟ್ಟಿಲು, 128 ಘನ ಅಡಿ. ಅಲ್ಲಿ ನೀರು ಪುಕ್ಕಟೆ. ಆದರೆ ಒಣಗಿದ್ದೆಂದು ಮಾರುವುದೆಲ್ಲ ಒಣಗಿರುವುದಿಲ್ಲ, ಓಕ್ ಸೌದೆಗಂತೂ ಎರಡು ವರ್ಷವಾದರೂ ಬೇಕು ಎಂದು ಅಳಿಯ ಹೇಳಿದ್ದ.

ನಾನು ಎರಿ, ಪೆಲ್ಲಾಡಿಯಂ, 260 ಡಿಗ್ರಿ ಎಂದೆಲ್ಲ ಅರ್ಧ ಗಂಟೆ ವಿವರಿಸಿದ್ದನ್ನು ಬೀಗರು ಕಜ್ಜಾಯ ತಿನ್ನುತ್ತ ಕೇಳಿ, "ಹೊಗೆ ಅಂದ್ರೆ ಉರೀದೆ ಓಡಿಹೋದ ಸೌದೆ. ಅದನ್ನ ಹಿಡಿದು ಉರಿಸ್ತದೆ, ಅಷ್ಟೇ ತಾನೆ?" ಎಂದರು. ಅಷ್ಟೇ. ನನ್ನ ಅರ್ಧ ಗಂಟೆ ದಂಡವಾಯಿತು.

ಅವರಿಗೆ ಅರ್ಥವಾಗದೆ ಉಳಿದದ್ದು ನೆಲಮಾಳಿಗೆ. ಮನೆಯ ಕೆಳಗಿನ ಕೋಣೆ ಎಂದದ್ದಕ್ಕೆ ರಾಗಿ ತುಂಬುವ ಹಗೇವು ಎಂದುಕೊಂಡು, "ಹಗೇವಿನೊಳಗೆ ಒಲೆ ಹಾಕ್ತಾರಾ?" ಎಂದು ಹೌಹಾರಿದರು. ಅವರ ಭಯ ಪೂರಾ ತಪ್ಪಾಗಿರಲಿಲ್ಲ. ಚಳಿಗಾಲದಲ್ಲಿ ಮನೆಯ ಬಿಸಿ ಗಾಳಿ ಮಾಳಿಗೆಯ ಸಂದುಗಳಿಂದ ಮೇಲಕ್ಕೆ ಸೋರುತ್ತ ಕೆಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ; ಅಂದರೆ ಇಡೀ ಮನೆಯೇ ಒಂದು ಹೊಗೆಗೂಡಾಗುತ್ತದೆ. ಒಲೆಯ ಕೊಳವೆ ಹೊರಗೋಡೆಗೆ ಅಂಟಿಕೊಂಡು ತಣ್ಣಗಿದ್ದರೆ, ಗಾಳಿಗೆ ಹಸಿದ ನೆಲಮಾಳಿಗೆ ಆ ಕೊಳವೆಯಿಂದಲೇ ಗಾಳಿಯನ್ನು ಕೆಳಗೆ ಎಳೆದುಕೊಳ್ಳುತ್ತದೆ, ಹೊಗೆಯೂ ಜೊತೆಗೆ ಇಳಿಯುತ್ತದೆ. ನನ್ನ ಭಾವಮೈದುನನಿಗೆ ಆದದ್ದೇ ಮಗಳ ಮನೆಯಲ್ಲೂ ಆಗುತ್ತದೆ, ಕಾವಲಿಯ ನೆರವೂ ಬೇಕಾಗದೆ. "ಗೂಡು ಬಿಸಿಯಾಗದೆ ಒಲೆ ಎಳೆಯಲ್ಲ," ಎಂದ ಬೀಗರು, ಕೊಳವೆಯನ್ನು ಮನೆಯ ಒಳಗಿನಿಂದಲೇ ನೆಟ್ಟಗೆ ಎತ್ತಿಸಬೇಕು, ಮೊದಲು ಕಾಗದ ಉರಿಸಿ ಗೂಡಿಗೆ ಶಾಖ ಕೊಡಬೇಕು ಎಂದು ಮಗನಿಗೆ ಫೋನಿನಲ್ಲಿ ಅಪ್ಪಣೆ ಕೊಟ್ಟರು. ಅಲ್ಲಿನ ಕುಶಲಕರ್ಮಿಯೂ ಅದನ್ನೇ ಹೇಳಿ, ಒಲೆಗೆ ಹೊರಗಿನಿಂದ ಪ್ರತ್ಯೇಕ ಗಾಳಿಕೊಳವೆಯನ್ನೂ ಸೂಚಿಸಿದ್ದನಂತೆ. ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುವಂತೆ ನೋಡಿಕೋ ಎಂದು ಬೀಗರು ಸೇರಿಸಿದಾಗ ಮಾತ್ರ ನಾನು ತಡೆದೆ. ಕಾರ್ಬನ್ ಮೊನಾಕ್ಸೈಡ್ ದೀಪವನ್ನು ಆರಿಸುವುದಿಲ್ಲ, ಅದಕ್ಕೆ ಅಲಾರಮ್ಮೇ ಬೇಕು ಎಂದೆ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಹೇಳಿದ ಮಾತು ಅದೊಂದೇ ಆದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

ವರ್ಮಾಂಟಿನವರು ಮೇಪಲ್ ಮರದ ರಸವನ್ನು ಸೌದೆ ಉರಿಸಿ ಕುದಿಸಿ ಪಾಕ ಮಾಡುತ್ತಾರೆ, ಅದೂ ಒಂದು ಆಲೆಮನೆಯೇ ಎಂದು ಮಗಳು ಹೇಳಿದಾಗ ಬೀಗರ ಮುಖ ಅರಳಿತು. 40 ಗ್ಯಾಲನ್ ರಸಕ್ಕೆ 1 ಗ್ಯಾಲನ್ ಪಾಕ ಎಂದು ಕೇಳಿದ ಮೇಲೆ, "ಕಬ್ಬೇ ವಾಸಿ ಬಿಡು," ಎಂದು ಮತ್ತೊಂದು ಕಜ್ಜಾಯ ತೆಗೆದುಕೊಂಡರು.

ಕೊನೆಗೆ ಉಳಿದ ಪ್ರಶ್ನೆ ಉಕ್ಕಿನದೋ ಬಳಪದ ಕಲ್ಲಿನದೋ ಎಂಬುದು. ಸೋಮನಾಥಪುರದ ಕೇಶವ ದೇವಾಲಯವನ್ನು 1258ರಲ್ಲಿ ಕಟ್ಟಿ ನಿಲ್ಲಿಸಿದ ಅದೇ ಜಾತಿಯ ಕಲ್ಲಿನ ಹಲಗೆ ಹೊದಿಸಿದ ಒಲೆಗಳು ಅಲ್ಲಿ ಸಿಗುತ್ತವೆ. ದೇವರನ್ನು ಕೆತ್ತುವ ಕಲ್ಲಿಗೆ ಸೌದೆ ಒಟ್ಟುವುದೇ ಎಂದು ನಾನು ಅನುಮಾನಿಸುತ್ತಿರುವಾಗ ಮನೆಯಾಕೆ ಅಡುಗೆಮನೆಯಿಂದ ಕಲ್ಲುಮರಿಗೆಯನ್ನು ಇಕ್ಕಳದಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟಳು. ಒಲೆಯಿಂದ ಇಳಿಸಿದ್ದರೂ ಒಳಗೆ ಗೊಜ್ಜು ಇನ್ನೂ ಕೊತಕೊತ ಕುದಿಯುತ್ತಲೇ ಇತ್ತು. ಫೋನಿನ ಕ್ಯಾಮೆರಾವನ್ನು ಗೊಜ್ಜಿನ ಕಡೆಗೆ ತಿರುಗಿಸಿ, "ಬೆಂಕಿ ಆರಿದ ಮೇಲೂ ಹೀಗೇ ಇರತ್ತೆ ಕಣೇ, ಕಲ್ಲಿಂದೇ ತಗೋ," ಎಂದಳು. ಎರಡು ತಿಂಗಳು ನಾನು ಬಿಡಿಸಲಾಗದ ಗಂಟು ಎರಡು ನಿಮಿಷದಲ್ಲಿ ಬಿಚ್ಚಿಕೊಂಡಿತು. ಮಗಳು ಒಂದೇ ಷರತ್ತು ಹಾಕಿದಳು: ಮೊದಲು ನೆಲಮಾಳಿಗೆಯ ಬರಿ ಕಾಂಕ್ರೀಟು ಗೋಡೆಗಳಿಗೆ ಶಾಖ ತಡೆಯುವ ಹೊದಿಕೆ ಆಗಬೇಕು, ಇಲ್ಲದಿದ್ದರೆ ನಾವು ಕಾಯಿಸುವುದು ವರ್ಮಾಂಟಿನ ಮಣ್ಣನ್ನು.

ಒಲೆ ಹೊತ್ತಿಸಿದ ಮೊದಲ ದಿನ ಅಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ. ಬೀಗರನ್ನೂ ಕರೆಯೊಳಗೆ ಸೇರಿಸಿಕೊಂಡಿದ್ದೆವು. ಬೈಪಾಸ್ ಮುಚ್ಚಿ ಕಾಲು ಗಂಟೆಯಾದ ಮೇಲೆ ಅಳಿಯ ಹಿಮದಲ್ಲಿ ಹೊರಗೆ ನಿಂತು ಮಾಡಿನ ಮೇಲಿನ ಕೊಳವೆಯನ್ನು ತೋರಿಸಿದ. ಎಳೆ ಹೊಗೆಯೂ ಕಾಣಲಿಲ್ಲ. "ಆರಿಹೋಗಿದೆ, ಊದಬೇಕು," ಎಂದು ನಾನು ಕೂಗಿದೆ. ಬೀಗರು ತಮ್ಮ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರಿಲ್ಲ ಬೀಗ್ರೇ. ಕೊಳವೆ ಬಾಯಿ ಮೇಲೆ ಗಾಳಿ ನಡುಗ್ತಾ ಅದೆ ನೋಡಿ," ಎಂದರು. ಕನ್ನಡಕ ಒರೆಸಿಕೊಂಡು ನೋಡಿದೆ. ಹಿಂದಿನ ಬೋಳು ಮರದ ಕೊಂಬೆಗಳು ಕೊಳವೆಯ ಮೇಲಷ್ಟೇ ನೀರಿನೊಳಗಿಂದ ಕಂಡಂತೆ ಕದಲುತ್ತಿದ್ದವು.

ಈ ವರ್ಷದ ದೀಪಾವಳಿಗೆ ಕರೆಯಲೆಂದು ಭಾವಮೈದುನನಿಗೆ ಫೋನು ಮಾಡಿದೆ. ಬರುತ್ತೇನೆ, ಆದರೆ ಎಣ್ಣೆನೀರು ತನ್ನ ಮನೆಯಲ್ಲೇ ಮುಗಿಸಿಕೊಂಡು ಬರುತ್ತೇನೆ ಎಂದ. ಸೌದೆಯನ್ನು ಬೇಸಿಗೆಯಲ್ಲೇ ತಂದು ಸೀಳಿ ಒಟ್ಟಿದ್ದೇನೆ, ಒಳಮೈಯಲ್ಲೂ 16 ಇದೆ, ನಾನೇ ಚುಚ್ಚಿ ನೋಡಿದ್ದೇನೆ ಎಂದು ಧೈರ್ಯ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಅದಿರಲಿ ಭಾವ, ಆ ಕಾವಲಿ ಈಗ ಎಲ್ಲಿದೆ?" ಎಂದು ಕೇಳಿದ.