ಎತ್ತಿಗೆ ಜ್ವರ, ರ‍್ಯಾಮಿಗೆ ಬರೆ

ಆಗಿನ್ನೂ 32 ಬಿಟ್ ಕಂಪ್ಯೂಟರುಗಳ ಕಾಲ. ನಮ್ಮ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ 2005 ದಿನಾ ಬೆಳಿಗ್ಗೆ ಎಲ್ಲರೂ ಲಾಗಿನ್ ಆಗುವ ಹೊತ್ತಿಗೆ ಸರಿಯಾಗಿ "ಮೆಮೊರಿ ಸಾಲದು" ಅಂತ ರಾಗ ಎಳೆಯತೊಡಗಿತು. ಎರರ್ 701, ಅದರ ಬೆನ್ನಿಗೇ 17803. ಎರಡನೆಯದಂತೂ "ಮೆಮೊರಿ ಹೆಚ್ಚಿಸಿ" ಎಂದು ಬಿಟ್ಟಿ ಸಲಹೆಯನ್ನೂ ಕೊಡುತ್ತಿತ್ತು.

ನೆಟ್‌ವರ್ಕ್ ವಿಭಾಗದವನು ಹಾದುಹೋಗುತ್ತಾ, "ಕನೆಕ್ಷನ್ ಸೆಟ್ಟಿಂಗ್ ಏನಾದ್ರೂ ಮುಟ್ಟಿದ್ರಾ?" ಅಂದ.

"ಮೆಮೊರಿಗೂ ನೆಟ್‌ವರ್ಕಿಗೂ ಏನ್ರೀ ಸಂಬಂಧ?" ಎಂದು ಜೋರಾಗಿಯೇ ನಕ್ಕೆ.

8 ಜಿಬಿ ಇದ್ದ ರ‍್ಯಾಮ್ 16 ಆಯಿತು. ಮರುದಿನ ಬೆಳಿಗ್ಗೆ ಅದೇ 701. ರೀಸ್ಟಾರ್ಟ್ ಮಾಡಿದರೆ ಒಂದೆರಡು ಗಂಟೆ ಗಪ್‌ಚುಪ್, ಆಮೇಲೆ ಮತ್ತೆ ಅದೇ ರಾಗ. ಇಷ್ಟು ಖಾಲಿ ಜಾಗ ಇಟ್ಟುಕೊಂಡು ಇಲ್ಲ ಇಲ್ಲ ಅನ್ನುವ ಯಂತ್ರವನ್ನು ನಾನು ಕಂಡಿರಲಿಲ್ಲ.

ಕೊನೆಗೆ ಬೇರೇನೂ ತೋಚದೆ ಕನೆಕ್ಷನ್‌ಗಳ ಪಟ್ಟಿ ತೆಗೆದೆ. ನೆಟ್‌ವರ್ಕ್ ಪ್ಯಾಕೆಟ್ ಸೈಜ್ (ಒಂದು ಸಲಕ್ಕೆ ಸಾಗಿಸುವ ಡೇಟಾ ಕಟ್ಟಿನ ಗಾತ್ರ) ಎಂಬ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಸಂಖ್ಯೆ: 32767 ಬೈಟ್. ಸರ್ವರಿನ ರೂಢಿ 4096. ಸರ್ವರು ಮೆಮೊರಿಯನ್ನು ಎಂಟು ಕೆಬಿಯ ಪುಟಗಳಾಗಿ ಹಂಚುತ್ತದೆ. ಅಂಥ ಒಂದು ಪುಟದೊಳಗೆ ಹಿಡಿಸಿದರೆ ಕನೆಕ್ಷನ್‌ನ ಬಫರು (ಪ್ಯಾಕೆಟ್ ಇಡುವ ತಾತ್ಕಾಲಿಕ ಜಾಗ) ಮುಖ್ಯ ಮೆಮೊರಿಯ ದೊಡ್ಡ ಪೂಲಿನಲ್ಲೇ ಆರಾಮಾಗಿ ಇರುತ್ತದೆ. ಅದನ್ನು ಮೀರಿತೋ, ಆಚೆಯ ಪುಟ್ಟ ಕೋಣೆಗೆ ಹೋಗಬೇಕು. 32 ಬಿಟ್‌ನಲ್ಲಿ ಆ ಕೋಣೆ ಸುಮಾರು 256 ಎಂಬಿ. ನೀವು ಹೊಸ ರ‍್ಯಾಮ್ ಎಷ್ಟೇ ಸುರಿದರೂ ಅದು ಒಂದಿಂಚೂ ಅಗಲವಾಗದು. ಅಲ್ಲಿ ಆಗಲೇ ಹತ್ತಾರು ಬಾಡಿಗೆದಾರರು. ಇದ್ದಬದ್ದ ಜಾಗವೂ ಚೂರುಚೂರು. ಅಂಥಲ್ಲಿಗೆ ಪ್ರತಿ ಕನೆಕ್ಷನ್ನೂ ಇಂಥ ಮೂರು ಬಫರಿನ ಮೂಟೆ ಹೊತ್ತು ನುಗ್ಗಿದರೆ? ಸಾಲದ್ದಕ್ಕೆ ಕನೆಕ್ಷನ್‌ಗಳನ್ನು ಮತ್ತೆ ಬಳಸಲೆಂದು ತೆರೆದೇ ಇಡುವ ಪೂಲಿಂಗ್ ಇರುವುದರಿಂದ ಕೆಲಸ ಮುಗಿದ ಕನೆಕ್ಷನ್‌ಗಳೂ ಎದ್ದು ಹೋಗುವುದಿಲ್ಲ.

ಯಾವ ಮಹಾನುಭಾವ ಈ ಸಂಖ್ಯೆ ಹಾಕಿದ್ದು ಎಂದು ಹಲ್ಲು ಕಡಿಯುತ್ತಾ ಕಾನ್ಫಿಗ್ ಫೈಲ್ ತೆರೆದೆ. ಸರ್ವರಿಗೆ ಹೇಗೆ ಸೇರಬೇಕೆಂದು ಹೇಳುವ ಕನೆಕ್ಷನ್ ಸ್ಟ್ರಿಂಗ್‌ನ ಮೇಲೊಂದು ಕಾಮೆಂಟ್: "ವೇಗ ಹೆಚ್ಚಿಸಲು. ದಯವಿಟ್ಟು ಯಾರೂ ಮುಟ್ಟಬೇಡಿ." ಕೆಳಗೆ ನನ್ನದೇ ಇನಿಶಿಯಲ್. ದೊಡ್ಡ ಪ್ಯಾಕೆಟ್ ಆದರೆ ಡೇಟಾ ಬೇಗ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಎರಡು ತಿಂಗಳ ಹಿಂದೆ ನಾನೇ ಬರೆದದ್ದು. ಸರ್ವರಿಗಿಂತ ಮೊದಲು ಮೆಮೊರಿ ಕೈಕೊಟ್ಟದ್ದು ನನಗೆ.

ಅತ್ತಿತ್ತ ನೋಡಿ 32767 ಅಳಿಸಿ 4096 ಮಾಡಿದೆ. ಕಾಮೆಂಟನ್ನೂ ಅಳಿಸಿದೆ. ಸರ್ವರು ಆಮೇಲೆ ಕಮಕ್ ಕಿಮಕ್ ಅನ್ನಲಿಲ್ಲ.

ವರದಿಯಲ್ಲಿ ಕಾರಣ ಬರೆಯಬೇಕಿತ್ತು. "ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ದೋಷ" ಎಂದು ಬರೆದು ಕಳಿಸಿದೆ. ಅದರಲ್ಲಿ ಸುಳ್ಳೇನಿದೆ? ಅರ್ಧ ಗಂಟೆಯೊಳಗೆ ನೆಟ್‌ವರ್ಕ್ ವಿಭಾಗದವನು ಆ ವರದಿಯನ್ನು ಪ್ರಿಂಟ್ ಹಾಕಿಕೊಂಡು ನನ್ನ ಟೇಬಲ್ ಮುಂದೆ ನಿಂತಿದ್ದ. ಈ ಸಲ ನಕ್ಕದ್ದು ಅವನು.